ಹಳೇ ಸಿಗ್ನಲ್ ಒಳಗಿನ ಬಟ್ಟೆ ವೈರು

ಹೋದ ಚಳಿಗಾಲ ಪೂರ್ತಿ ಇಲ್ಲಿ ಅಮೆರಿಕದಲ್ಲಿ ನಮ್ಮ ಗ್ಯಾರೇಜಿನಲ್ಲಿ ಒಂದು ಟ್ರಾಫಿಕ್ ಸಿಗ್ನಲ್ ಬಿಚ್ಚಿಟ್ಟುಕೊಂಡು ಕೂತಿದ್ದೆ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿದ್ದ ಕ್ರೌಸ್-ಹೈಂಡ್ಸ್ ಕಂಪನಿಯದು. ಮೂರು ದೀಪ, 8 ಇಂಚಿನ ಗಾಜು, ಎರಕದ ಅಲ್ಯೂಮಿನಿಯಂ ಮೈ. ಗಾಜು ತೊಳೆದದ್ದು, ಬಣ್ಣ ಬಳಿದದ್ದು ಎಲ್ಲ ಸಲೀಸಾಗಿ ಮುಗಿಯಿತು. ತಿಂಗಳುಗಟ್ಟಲೆ ತಲೆ ತಿಂದದ್ದು ಬಾಗಿಲು ಮುಚ್ಚಿದರೆ ಯಾರಿಗೂ ಕಾಣದ ವೈರು.

ಮಾರಿದವರು ರಿಪೇರಿ ಮಾಡಿದ್ದು ಅಂತಲೇ ಕೊಟ್ಟಿದ್ದರು. ತೆಗೆದು ನೋಡಿದರೆ ಮೇಜಿನ ದೀಪಕ್ಕೆ ಹಾಕುವ ಕಂದು ಪ್ಲಾಸ್ಟಿಕ್ ಜೋಡಿ ವೈರು, ಮೂರೂ ದೀಪಕ್ಕೆ ಒಂದೇ ಬಣ್ಣ. ಯಾವುದು ಯಾವ ದೀಪದ್ದು ಅಂತ ಗೊತ್ತಾಗಬೇಕಾದರೆ ಮೀಟರ್ ಹಿಡಿದು ಕೂರಬೇಕು. ಆದರೆ ಹಸಿರು ದೀಪದ ಹಿಂದೆ ಒಂದು ಗೇಣು ಹಳೇ ವೈರು ಉಳಿದುಕೊಂಡಿತ್ತು. ಮೇಲೆ ಹತ್ತಿ ನೂಲಿನ ಹೆಣಿಗೆ, ಒಳಗೆ ರಬ್ಬರು. ತುದಿಗೆ ಬೆಸುಗೆ ಹಾಕಿ ಎಳೆಗಳನ್ನು ಒಂದು ಮಾಡಿ, ಸ್ಕ್ರೂ ಬಿಗಿಯುವ ದಿಕ್ಕಿಗೇ ಉಂಗುರದ ಹಾಗೆ ಬಗ್ಗಿಸಿ ಕೂರಿಸಿದ್ದರು. ಎಷ್ಟು ಅಚ್ಚುಕಟ್ಟು ಅಂದರೆ, ಅದನ್ನು ನೋಡಿದ ಮೇಲೆ ಆ ಕಂದು ವೈರನ್ನು ಅಲ್ಲಿ ಬಿಡಲು ನನಗೆ ಮನಸ್ಸೇ ಬರಲಿಲ್ಲ.

ಹಾಗಂತ ಹಳೇ ವೈರನ್ನೇ ಮತ್ತೆ ಬಳಸೋದು ಬೇಡವೇ ಬೇಡ. ಮುಚ್ಚಿದ ಡಬ್ಬಿಯೊಳಗೆ ಅರವತ್ತು ಚಿಲ್ಲರೆ ವಾಟ್ ಬಲ್ಬಿನ ಶಾಖ ವರ್ಷಗಟ್ಟಲೆ ಬಡಿದು ರಬ್ಬರು ಒಣ ರೊಟ್ಟಿಯ ಹಾಗೆ ಆಗಿರುತ್ತದೆ. ಮೇಲಿನ ಬಟ್ಟೆ ಚೆನ್ನಾಗಿ ಕಾಣುತ್ತದೆ, ಬಗ್ಗಿಸಿದರೆ ಒಳಗೆ ಪುಡಿ. ಇನ್ನೊಂದು ಮಾತು. ಹೊದಿಕೆಯಲ್ಲಿ ಬೂದು ಮಿಶ್ರಿತ ಬಿಳಿ ನಾರು ಕಂಡರೆ ಅದು ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಅದರ ಧೂಳು ಉಸಿರಿನಲ್ಲಿ ಒಳಗೆ ಹೋದರೆ ಅಪಾಯ. ಶಾಖ ತಡೆಯುವುದಕ್ಕೆ ಆಗ ಅದನ್ನೇ ಬಳಸುತ್ತಿದ್ದರು. ಉಜ್ಜಬೇಡಿ, ಕತ್ತರಿಸಬೇಡಿ, ಊದಬೇಡಿ. ಗೊತ್ತಿದ್ದವರಿಂದ ಪರೀಕ್ಷೆ ಮಾಡಿಸಿ.

ಈಗ ಹೊಸದಾಗಿ ಮಾಡಿದ ಬಟ್ಟೆ ಹೊದಿಕೆಯ ವೈರು ಸಿಗುತ್ತದೆ. ಒಳಗೆ ಇವತ್ತಿನ ಪ್ಲಾಸ್ಟಿಕ್ ಇನ್ಸುಲೇಶನ್, ಮೇಲೆ ನೂಲಿನ ಹೆಣಿಗೆ. ಕೊಳ್ಳುವಾಗ ಹೊಳಪು ನೋಡಬೇಕು. ರೇಯಾನ್ ಹೊದಿಕೆ ಮಿರಮಿರ ಮಿನುಗುತ್ತದೆ, ಅದು ಮನೆಯ ಹಾಲ್‌ನಲ್ಲಿಡುವ ದೀಪಕ್ಕೆ ಚೆಂದ. ರಸ್ತೆಯಲ್ಲಿ ಮಳೆ, ಹಿಮ ತಿಂದ ಡಬ್ಬಿಯೊಳಗೆ ಹೊಳಪಿಲ್ಲದ ಹತ್ತಿಯೇ ಒಪ್ಪುತ್ತದೆ. ಸಿಗ್ನಲ್ ಯಾವ ಕಾಲದ್ದು ಅನ್ನೋದೂ ಮುಖ್ಯ. 1930ರ ದಶಕದ್ದಕ್ಕೆ ಬಟ್ಟೆ ವೈರು ಸರಿ, 1960ರ ದಶಕದ್ದಕ್ಕೆ ಹಾಕಿದರೆ ತಪ್ಪು. ಅಷ್ಟರಲ್ಲಿ ಪ್ಲಾಸ್ಟಿಕ್ ವೈರು ಬಂದಾಗಿತ್ತು. ಹಳೇದು ಅಂದಕೂಡಲೇ ಸುಮ್ನೆ ಬಟ್ಟೆ ಸುತ್ತಿಬಿಡೋದಲ್ಲ, ಅಲ್ವಾ?

ಬಲ್ಬಿನ ಹೋಲ್ಡರಿಗೆ ಹೋಗುವ ವೈರು ಎಷ್ಟು ಶಾಖ ತಡೆಯುತ್ತದೆ ಅಂತ ಓದದೆ ಕೊಳ್ಳಬೇಡಿ. ನಾನು 105 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯದನ್ನು ಒಳಗೆ ಬಿಟ್ಟಿಲ್ಲ, ಬಲ್ಬನ್ನೂ 25 ವಾಟಿಗೆ ಇಳಿಸಿದ್ದೇನೆ. ಒಂಟಿ ತಂತಿಯ ಗಟ್ಟಿ ವೈರು ಬೇಡ, ಹಲವು ಎಳೆಯದೇ ಬೇಕು. ಬಲ್ಬು ಬದಲಿಸಲು ಬಾಗಿಲು, ರಿಫ್ಲೆಕ್ಟರ್ ತೆರೆದಾಗಲೆಲ್ಲ ವೈರು ಬಗ್ಗುತ್ತದೆ. ನನ್ನದರಲ್ಲಿ ಹಳೇ ರಬ್ಬರು ಒಡೆದದ್ದೂ ಸರಿಯಾಗಿ ಆ ಮಡಿಕೆಯಲ್ಲೇ.

ವೈರುಗಳನ್ನು ಕಂತೆ ಕಟ್ಟುವುದಕ್ಕೆ ಪ್ಲಾಸ್ಟಿಕ್ ಟೈ ಹಾಕಬೇಡಿ. ಅದು ಬಂದದ್ದೇ 1958ರಲ್ಲಿ. ಅದಕ್ಕೂ ಮುಂಚೆ ಮೇಣ ಹಚ್ಚಿದ ದಾರದಿಂದ, ಬೆರಳಗಲಕ್ಕೆ ಒಂದೊಂದು ಗಂಟು ಹಾಕುತ್ತಾ ಹೂವು ಕಟ್ಟಿದ ಹಾಗೆ ಕಟ್ಟುತ್ತಿದ್ದರು. ಕಲಿಯಲು ನನಗೆ ಎರಡು ಸಂಜೆ ಹಿಡಿಯಿತು. ಮೊಳ ಹೂವು ಕಟ್ಟುವವರ ಕೈಗೆ ಅರ್ಧ ಗಂಟೆ ಸಾಕು! ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇದೇ.

ಇನ್ನು ಬಣ್ಣ. ನಮ್ಮ ಕಡೆಯವರು ಇಲ್ಲಿ ತುಂಬಾ ಹುಷಾರಾಗಿರಬೇಕು. ಊರಲ್ಲಿ ಕೈಗೆ ರೂಢಿಯಾದದ್ದು ಕೆಂಪು ಫೇಸ್ (ಕರೆಂಟು ಬರುವ ವೈರು), ಕಪ್ಪು ನ್ಯೂಟ್ರಲ್ (ಕರೆಂಟು ವಾಪಸು ಹೋಗುವ ವೈರು), ಹಸಿರು ಅರ್ಥ್. ಅಮೆರಿಕದಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್. ಕಪ್ಪು ತಾನೇ ಅಂತ ಮುಟ್ಟಿದರೆ ಶಾಕ್! ಇಲ್ಲಿನ ಸಿಗ್ನಲ್ ಕೇಬಲ್ಲಿನ ಲೆಕ್ಕ ಮತ್ತೂ ಬೇರೆ. ಕೆಂಪು ವೈರು ಕೆಂಪು ದೀಪಕ್ಕೆ, ಕಿತ್ತಳೆ ವೈರು ಹಳದಿ ದೀಪಕ್ಕೆ, ಹಸಿರು ವೈರು ಹಸಿರು ದೀಪಕ್ಕೆ, ಬಿಳಿ ಮೂರಕ್ಕೂ ಸೇರಿದ ನ್ಯೂಟ್ರಲ್. ಅಂದರೆ ಮನೆಯ ವೈರಿಂಗಿನಲ್ಲಿ ಅರ್ಥ್ ಆಗಿರುವ ಹಸಿರಿನಲ್ಲಿ ಇಲ್ಲಿ ಕರೆಂಟು ಹರಿಯುತ್ತದೆ. ಮುಂದೆ ಯಾರೋ ಈ ಡಬ್ಬಿ ತೆಗೆದು, ಹಸಿರು ವೈರು ಅರ್ಥ್ ಇರಬೇಕು ಅಂತ ಸಿಗ್ನಲ್ಲಿನ ಲೋಹದ ಮೈಗೆ ಕಟ್ಟಿಬಿಟ್ಟರೆ? ಅದಕ್ಕೇ ಬಾಗಿಲಿನ ಒಳಗೆ ಯಾವ ಬಣ್ಣ ಯಾವುದಕ್ಕೆ ಅಂತ ಬರೆದು ಅಂಟಿಸಿದ್ದೇನೆ.

ಬಣ್ಣ ದೀಪಕ್ಕೆ ಸೇರಿದ್ದು, ಜಾಗಕ್ಕಲ್ಲ. ಇದಕ್ಕೆ ಸಿರಾಕ್ಯೂಸ್‌ನಲ್ಲೇ ಉದಾಹರಣೆ ಇದೆ. ಐರಿಶ್ ಜನ ನೆಲೆಸಿದ್ದ ಟಿಪ್ಪರರಿ ಹಿಲ್‌ನಲ್ಲಿ ಬ್ರಿಟಿಷರ ಬಣ್ಣವಾದ ಕೆಂಪು ತಮ್ಮ ಐರಿಶ್ ಹಸಿರಿನ ಮೇಲೆ ಇರೋದನ್ನು ಒಪ್ಪದೆ ಹುಡುಗರು ಕಲ್ಲು ಹೊಡೆದು ಹೊಡೆದು, ಕೊನೆಗೆ ಹಸಿರನ್ನೇ ಮೇಲಿಟ್ಟರು. ಇವತ್ತಿಗೂ ಹಾಗೇ ಇದೆ. ಅಲ್ಲಿ ಮೇಲಿನದು ಕೆಂಪು ಅಂದುಕೊಂಡು ವೈರು ಕೊಟ್ಟರೆ ಕೆಲಸ ಕೆಟ್ಟಿತು.

ಹಳೇ ಕಾಲದ್ದಲ್ಲದ ಒಂದನ್ನು ನಾನು ಬೇಕಂತಲೇ ಸೇರಿಸಿದೆ. ಅರ್ಥಿಂಗ್. ನನ್ನ ಸಿಗ್ನಲ್‌ಗೆ ಅದು ಇರಲಿಲ್ಲ. ಕಂಬದ ಮೇಲೆ ಎತ್ತರದಲ್ಲಿದ್ದಾಗ ಯಾರ ಕೈಗೂ ಸಿಗುತ್ತಿರಲಿಲ್ಲ, ಈಗ ಮನೆಗೆ ಬಂದ ಮಕ್ಕಳೆಲ್ಲ ಅದರ ಲೋಹದ ಮೈ ಮುಟ್ಟುತ್ತಾರೆ. ಒಳಗೊಂದು ಕಡೆ ಬಣ್ಣ ಕೆರೆದು, ತವರ ಲೇಪದ ಲಗ್ (ತಂತಿಯ ತುದಿಗೆ ಹಾಕುವ ಲೋಹದ ಬಿಲ್ಲೆ) ಹಾಕಿ ತಂತಿ ಬಿಗಿದೆ. ತಾಮ್ರವನ್ನು ನೇರ ಅಲ್ಯೂಮಿನಿಯಂಗೆ ತಾಗಿಸಿದರೆ ತೇವಕ್ಕೆ ತುಕ್ಕು ತಿನ್ನುತ್ತದೆ. ಅರ್ಥಿಗೆ ಹಸಿರು ಬಣ್ಣ ಕೊಡಲಿಲ್ಲ, ಬರೀ ತಾಮ್ರವನ್ನೇ ಎಳೆದೆ, ಮರೆಮಾಚಲೂ ಇಲ್ಲ. ನೋಡಿದವರಿಗೆ ಇದು ಹೊಸದು ಅಂತ ತಿಳಿಯಲಿ.

ಇಂಥದ್ದನ್ನು ಇಲ್ಲಿಂದ ಬೆಂಗಳೂರಿಗೆ ಒಯ್ಯುವ ಯೋಚನೆ ಇದ್ದರೆ, 300 ಇಲ್ಲವೇ 600 ವೋಲ್ಟ್ ಅಂತ ಗುರುತಿರುವ ವೈರು ಬದಲಿಸುವ ಅಗತ್ಯವಿಲ್ಲ. ಬಲ್ಬು ಮತ್ತು ದೀಪ ಬದಲಿಸುವ ಟೈಮರ್ ಮಾತ್ರ 120 ವೋಲ್ಟಿನವು, ನಮ್ಮ 230ಕ್ಕೆ ಒಂದೇ ಕ್ಷಣದಲ್ಲಿ ಸುಟ್ಟುಹೋಗುತ್ತವೆ.  ಎರಡಕ್ಕೂ ಸೇರಿ ವೋಲ್ಟೇಜ್ ಇಳಿಸುವ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಡಿ, ಆದರೆ ಅದನ್ನು ಸಿಗ್ನಲ್ ಡಬ್ಬಿಯೊಳಗೆ ತುರುಕಬೇಡಿ, ಹೊರಗೇ ಇರಲಿ.