ಪರಿಮಳವಿಲ್ಲದ ವಾರ್ಡ್ ಶುರುವಾಗುವುದು ಸ್ಟೋರ್ ರೂಮಿನಲ್ಲಿ

‘ದಯವಿಟ್ಟು ಸೆಂಟ್ ಹಾಕಿಕೊಂಡು ಬರಬೇಡಿ’ ಎಂದು ಆಸ್ಪತ್ರೆಯ ಬಾಗಿಲಿಗೆ ಬೋರ್ಡ್ ಹಾಕುವುದು ಸುಲಭ. ಒಳಗೆ ನೆಲ ಒರೆಸುವ ದ್ರಾವಣಕ್ಕೆ ನಿಂಬೆಯ ಘಮ, ಬೆಡ್‌ಶೀಟಿಗೆ ಬಟ್ಟೆ ಮೆತ್ತಗಾಗಿಸುವ ಕಂಡಿಷನರಿನ ಘಮ, ಶೌಚಾಲಯದಲ್ಲಿ ತಾನಾಗಿ ಚಿಮ್ಮುವ ಏರ್ ಫ್ರೆಶ್‌ನರ್ ಇದ್ದರೆ ಆ ಬೋರ್ಡಿನಿಂದ ಏನೂ ಸಾಧಿಸಿದಂತಾಗುವುದಿಲ್ಲ. ಉಬ್ಬಸವಿರುವವರಿಗೆ ಎದೆ ಬಿಗಿಯುತ್ತದೆ, ಮೈಗ್ರೇನ್ ಇರುವವರಿಗೆ ತಲೆ ಸಿಡಿಯುತ್ತದೆ, ಕಿಮೊಥೆರಪಿಯಲ್ಲಿರುವವರಿಗೆ ಹೊಟ್ಟೆ ತೊಳಸುತ್ತದೆ.

ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಒಂದು ಚರ್ಮದ ಅಲರ್ಜಿ. ಇದನ್ನು ಪ್ಯಾಚ್ ಟೆಸ್ಟ್ ಹಿಡಿಯುತ್ತದೆ: ಅನುಮಾನವಿರುವ ಪದಾರ್ಥಗಳನ್ನು ಹಚ್ಚಿ ಬೆನ್ನಿಗೆ ಅಂಟಿಸಿದ ಪಟ್ಟಿಯನ್ನು 48 ಗಂಟೆಯ ನಂತರ ತೆಗೆದು ನೋಡುತ್ತಾರೆ, ಒಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಇನ್ನೊಂದು ಶ್ವಾಸನಾಳ ಕೆರಳುವುದು. ಇದು ಪ್ಯಾಚ್ ಟೆಸ್ಟಿನಲ್ಲಿ ಕಾಣಿಸುವುದೇ ಇಲ್ಲ. ಟೆಸ್ಟ್ ನೆಗೆಟಿವ್ ಬಂತೆಂದು ‘ನಿಮಗೇನೂ ಇಲ್ಲ, ಎಲ್ಲಾ ಮನಸ್ಸಿನದು’ ಎಂದು ರೋಗಿಯನ್ನು ಕಳಿಸುವುದು ಅನ್ಯಾಯ, ವೈದ್ಯಕೀಯವಾಗಿಯೂ ತಪ್ಪು.

ಖರೀದಿ ಮಾಡುವವರು ಎಡವುವುದು ಲೇಬಲ್‌ನಲ್ಲಿ. ‘ಅನ್‌ಸೆಂಟೆಡ್’ ಎಂದರೆ ವಾಸನೆ ಬಾರದು ಎಂದಷ್ಟೇ. ಕಚ್ಚಾವಸ್ತುವಿನ ವಾಸನೆ ಮುಚ್ಚಲು ಅದರೊಳಗೇ ಸುಗಂಧ ಬೆರೆಸಿರಬಹುದು. ಬೇಕಾದದ್ದು ‘ಫ್ರೇಗ್ರೆನ್ಸ್ ಫ್ರೀ’, ಅಂದರೆ ಸುಗಂಧವನ್ನೇ ಬೆರೆಸದ್ದು. ಅಷ್ಟಕ್ಕೇ ನಿಲ್ಲದೆ ಪದಾರ್ಥಗಳ ಪಟ್ಟಿಯನ್ನೂ ಓದಬೇಕು. ‘ಪರ್ಫ್ಯೂಮ್’ ಎಂಬ ಒಂದೇ ಪದದ ಹಿಂದೆ ಹತ್ತಾರು ರಾಸಾಯನಿಕಗಳಿರಬಹುದು. ಲ್ಯಾವೆಂಡರ್ ಎಣ್ಣೆ ನೈಸರ್ಗಿಕ ಎಂದು ರಿಯಾಯಿತಿ ಕೊಡಬೇಡಿ: ಅದರಲ್ಲಿನ ಲಿನಲೂಲ್, ಕಿತ್ತಳೆ ಸಿಪ್ಪೆ ಎಣ್ಣೆಯ ಲಿಮೊನೀನ್ ಎಂಬ ಘಮದ ರಾಸಾಯನಿಕಗಳು ಗಾಳಿ ತಾಗಿ ಹಳತಾದಷ್ಟೂ ಹೆಚ್ಚು ಅಲರ್ಜಿಕಾರಕವಾಗುತ್ತವೆ. ಒಳಾಂಗಣದ ಓಝೋನ್ ಜೊತೆ ಸೇರಿದರೆ ಲಿಮೊನೀನ್‌ನಿಂದ ಫಾರ್ಮಾಲ್ಡಿಹೈಡ್ ಎಂಬ ಕೆರಳಿಸುವ ಅನಿಲ ಕೂಡ ಹುಟ್ಟುತ್ತದೆ.

ಕೈಗೆ ಹಚ್ಚುವ ಸ್ಯಾನಿಟೈಸರಿಗಂತೂ ಘಮದ ಅಗತ್ಯವೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಎಥನಾಲ್ ಸೂತ್ರದಲ್ಲಿರುವುದು 80% ಎಥನಾಲ್, 1.45% ಗ್ಲಿಸರಾಲ್, 0.125% ಹೈಡ್ರೋಜನ್ ಪೆರಾಕ್ಸೈಡ್, ಉಳಿದದ್ದು ನೀರು. ಸುಗಂಧ ಸೇರಿಸಬಾರದೆಂಬ ಸಲಹೆಯೂ ಅದರ ಜೊತೆಗೇ ಇದೆ.

ಬಟ್ಟೆಯದು ಹಠಮಾರಿ ಸಮಸ್ಯೆ. ಕೆಲವು ಕಂಡಿಷನರುಗಳು ಸುಗಂಧವನ್ನು ಸೂಕ್ಷ್ಮ ಕ್ಯಾಪ್ಸೂಲುಗಳಲ್ಲಿ ನೂಲಿಗೆ ಅಂಟಿಸುತ್ತವೆ; ಬಟ್ಟೆ ಉಜ್ಜಿದಾಗಲೆಲ್ಲ ಅವು ಒಡೆಯುತ್ತವೆ. ಒಂದೇ ಒಗೆತಕ್ಕೆ ಹೋಗುತ್ತದೆಂದು ನಂಬಬೇಡಿ. ಸಿಬ್ಬಂದಿಯ ಸಮವಸ್ತ್ರ ಮನೆಯಲ್ಲಿ ಒಗೆಯುವುದಾದರೆ ನಿಯಮದಲ್ಲಿ ಡಿಟರ್ಜೆಂಟಿನ ಮಾತೂ ಇರಲಿ.

ಸೋಂಕುನಿವಾರಕವನ್ನು ಮಾತ್ರ ಕೈಬಿಡುವಂತಿಲ್ಲ, ಸುಗಂಧವಿಲ್ಲದ್ದನ್ನು ಆರಿಸಿ. ಕ್ಲೋರಿನ್‌ನಂಥವುಗಳ ಘಾಟು ಆಗಲೂ ಉಳಿಯುವುದರಿಂದ ಒರೆಸಿದ ಕೋಣೆಗೆ ಗಾಳಿಯಾಡಲು ಬಿಟ್ಟು ಆಮೇಲೆ ರೋಗಿಯನ್ನು ಕರೆಯಿರಿ. ಸೂಕ್ಷ್ಮತೆ ಇದೆಯೇ ಎಂದು ಅಪಾಯಿಂಟ್‌ಮೆಂಟ್ ಕೊಡುವಾಗಲೇ ಕೇಳಿ ಚಾರ್ಟಿನಲ್ಲಿ ಬರೆದುಕೊಂಡರೆ, ದಿನದ ಮೊದಲ ಸರದಿ ಕೊಟ್ಟು ವೇಟಿಂಗ್ ಹಾಲ್ ತಪ್ಪಿಸಬಹುದು. ಸಾಮಾನ್ಯ ಎನ್95 ಮಾಸ್ಕ್ ಕೊಟ್ಟು ಸಮಾಧಾನಪಡಬೇಡಿ, ಅದು ಕಣಗಳನ್ನು ತಡೆಯುತ್ತದೆಯೇ ಹೊರತು ಆವಿಯನ್ನಲ್ಲ.

ತಪಾಸಣೆ ಮಾಡುವವರು ಮೂಗನ್ನು ನಂಬಬಾರದು. ದಿನವೂ ಅದೇ ಘಮದಲ್ಲಿರುವವರಿಗೆ ಕೆಲವೇ ನಿಮಿಷಗಳಲ್ಲಿ ಅದು ತಿಳಿಯದಂತಾಗುತ್ತದೆ. ಬಾಟಲಿ ತಿರುಗಿಸಿ ಲೇಬಲ್ ಓದಿ. ಬ್ರ್ಯಾಂಡ್ ಬದಲಾಗದಿದ್ದರೂ ಸೂತ್ರ ಬದಲಾಗುವುದುಂಟು, ಆದ್ದರಿಂದ ಹೊಸ ಸರಕು ಬಂದಾಗಲೆಲ್ಲ ಮತ್ತೆ ಓದಿ.