ಐದರಿಂದ ಆರರವರೆಗೆ

"ಇಷ್ಟಕ್ಕೇ ನಿಲ್ಲಿಸಿಬಿಟ್ರಾ?"

2025ರ ಮೇ 10, ಶನಿವಾರ ಸಂಜೆ ಆರು ಗಂಟೆಗೆ ಈ ಮಾತು ಆಡಿದವನು ನಾನು. ಆಡಿದ್ದು ಅಕ್ಕನ ಮನೆಯಲ್ಲಿ, ಅಕ್ಕನ ಎದುರಿಗೇ. ಅವಳಿಗಿರುವ ಒಬ್ಬನೇ ಮಗ ಗಡಿಯಲ್ಲಿದ್ದಾನೆ. ನಾಲ್ಕು ದಿನ ಕಳೆದರೂ ಆ ಗಳಿಗೆ ನನ್ನನ್ನು ಬಿಟ್ಟು ಹೋಗಿಲ್ಲ.

ಟಿವಿಯಲ್ಲಿ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ಒಂದು ಚಿಕ್ಕ ಹೇಳಿಕೆ ಓದಿದರು. ಮಧ್ಯಾಹ್ನ 3.35ಕ್ಕೆ ಪಾಕಿಸ್ತಾನದ ಡಿಜಿಎಂಓ, ಅಂದರೆ ಸೇನಾ ಕಾರ್ಯಾಚರಣೆಯ ಮುಖ್ಯಸ್ಥರು, ನಮ್ಮ ಡಿಜಿಎಂಓಗೆ ಫೋನ್ ಮಾಡಿದ್ದಾರೆ. ಸಂಜೆ 5 ಗಂಟೆಯಿಂದ ನೆಲ, ಜಲ, ಆಕಾಶ ಮೂರರಲ್ಲೂ ದಾಳಿ ನಿಲ್ಲಿಸಲು ಎರಡೂ ಕಡೆಯವರು ಒಪ್ಪಿದ್ದಾರೆ. ಮೇ 12ರಂದು ಮತ್ತೆ ಮಾತಾಡುತ್ತಾರೆ. ಅಷ್ಟೇ.

ನಾನು ಬಾಯಿ ಬಿಟ್ಟದ್ದು ಆಗ. ಒಳ್ಳೇ ಘಟ್ಟಕ್ಕೆ ಬಂದ ಮ್ಯಾಚು ಮಳೆಗೆ ನಿಂತರೆ ಹೇಗೆ ಅನ್ನುತ್ತೇವೋ ಹಾಗೇ ಅಂದಿದ್ದೆ. ದನಿ ಹಾಗಿತ್ತು ಅನ್ನುವುದು ಆಮೇಲೆ ಹೊಳೆಯಿತು.

ಅಕ್ಕ ನನ್ನ ಕಡೆ ತಿರುಗಲಿಲ್ಲ. ಗೋಡೆ ಗಡಿಯಾರ ನೋಡಿದಳು. "ಐದು ಗಂಟೆಯಿಂದ ಅಂದ್ರಾ?" ಅಂತ ಭಾವನನ್ನು ಕೇಳಿದಳು. ಭಾವ ಹೂಂ ಅಂದರು. "ಈಗ ಆರು. ಹಾಗಾದ್ರೆ ಒಂದು ಗಂಟೆ ಆಗೇ ಹೋಯ್ತು" ಅಂದಳು.

ನನಗೆ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೈಯಲಿಲ್ಲ. ಆ ಒಂದು ಗಂಟೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡವಳ ಹಾಗೆ ಎದ್ದು ಹೋಗಿ, ಬೆಳಿಗ್ಗೆಯಿಂದ ಕುರ್ಚಿಯ ಮೇಲೆ ಹಾಗೇ ಬಿದ್ದಿದ್ದ ಬಟ್ಟೆಗಳನ್ನು ಮಡಚತೊಡಗಿದಳು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಏಟು ಕೊಡಬಾರದಿತ್ತು ಅನ್ನುವವನಲ್ಲ ನಾನು. ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್‌ನಲ್ಲಿ ಉಗ್ರರು 26 ಜನರನ್ನು ಕೊಂದರು. ಹೆಂಡತಿ ಮಕ್ಕಳ ಎದುರಿಗೇ, ಧರ್ಮ ಕೇಳಿ ಕೊಂದರು. ಶಿವಮೊಗ್ಗದಿಂದ ಹೋಗಿದ್ದ ಕುಟುಂಬವೂ ಅದರಲ್ಲಿತ್ತು. ಗಂಡನನ್ನು ಕಳೆದುಕೊಂಡ ಆ ಹೆಣ್ಣುಮಗಳು ಫೋನಿನಲ್ಲಿ ಮಾತಾಡಿದ್ದನ್ನು ಕೇಳಿ ನಾನೂ ರಾತ್ರಿಯಿಡೀ ನಿದ್ದೆ ಮಾಡಲಿಲ್ಲ. ಮೇ 7ರ ನಡುರಾತ್ರಿ 1.05ರಿಂದ 1.30ರವರೆಗೆ, ಇಪ್ಪತ್ತೈದೇ ನಿಮಿಷದಲ್ಲಿ ಗಡಿಯಾಚೆಯ ಉಗ್ರರ ನೆಲೆಗಳಿಗೆ ನಮ್ಮವರು ಒಂಬತ್ತು ಕಡೆ ಹೊಡೆದರು ಅಂತ ಬೆಳಿಗ್ಗೆ ಗೊತ್ತಾದಾಗ ಎದೆಯ ಭಾರ ಇಳಿದಂತಾಯಿತು. ಅದನ್ನು ಈಗಲೂ ಮುಚ್ಚಿಡುವುದಿಲ್ಲ.

ಆದರೆ ಆ ಬೆಳಗಿನ ಸರ್ಕಾರಿ ಹೇಳಿಕೆಯಲ್ಲಿ ಇನ್ನೂ ಒಂದು ಸಾಲಿತ್ತು. ದಾಳಿ ಅಳೆದು ತೂಗಿ ಮಾಡಿದ್ದು, ಜಗಳ ಬೆಳೆಸುವ ಉದ್ದೇಶದ್ದಲ್ಲ, ಪಾಕಿಸ್ತಾನದ ಯಾವ ಸೇನಾ ನೆಲೆಯನ್ನೂ ಮುಟ್ಟಿಲ್ಲ ಅಂತ. ಅವತ್ತು ನಾನದನ್ನು ದಾಟಿಕೊಂಡು ಓದಿದ್ದೆ. ಕೈ ಎತ್ತುವ ಮೊದಲೇ ಎಲ್ಲಿ ನಿಲ್ಲಿಸಬೇಕು ಅಂತ ಯಾರೋ ಕೂತು ಯೋಚಿಸಿದ್ದರು ಅನ್ನುವುದು ಆ ಸಾಲಿನಲ್ಲಿತ್ತು. ನನಗೆ ಬೇಕಾಗಿದ್ದದ್ದು ಹೊಡೆದ ಸುದ್ದಿ ಮಾತ್ರ.

ಆಮೇಲಿನ ಮೂರು ದಿನ ಟಿವಿಯವರು ನಮ್ಮನ್ನು ಹಾಳು ಮಾಡಿದರು. ಗುರುವಾರ ರಾತ್ರಿ ಕರಾಚಿ ಬಂದರನ್ನೇ ಸುಟ್ಟು ಬೂದಿ ಮಾಡಿದರು, ಸ್ಟುಡಿಯೋದಲ್ಲಿ ಕೂತೇ. ಬೆಳಗಾದಾಗ ಬಂದರು ಇದ್ದ ಹಾಗೇ ಇತ್ತು. ತಪ್ಪಾಯಿತು ಅಂದವರೆಷ್ಟು ಮಂದಿ? ಆ ನಿರೂಪಕರ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ನನ್ನ ಬಾಯಿಂದ ಬಿದ್ದ ಆ "ಇಷ್ಟಕ್ಕೇ" ಇದೆಯಲ್ಲ, ಅದಕ್ಕೆ ಮೂರು ರಾತ್ರಿ ನೀರೆರೆದವರು ಅವರು. ಬೂದಿಯಾದ ಕರಾಚಿಯನ್ನು ಕಣ್ತುಂಬ ನೋಡಿದವನಿಗೆ ನಿಜವಾಗಿ ನಡೆದದ್ದೆಲ್ಲ ಕಡಿಮೆಯಾಗಿಯೇ ಕಾಣುತ್ತದೆ.

ಅದೇ ಗುರುವಾರ ಅಳಿಯ ಯಾರದೋ ಫೋನಿನಿಂದ ಅರ್ಧ ನಿಮಿಷ ಮಾತಾಡಿದ್ದ. ಎಲ್ಲಿದ್ದೀಯ ಅಂದರೆ "ಅದು ಹೇಳೋ ಹಾಗಿಲ್ಲ ಮಾವ" ಅಂದ. ಹಿಂದಿನಿಂದ ಧಡ್ ಧಡ್ ಅಂತ ಸದ್ದು ಬರುತ್ತಿತ್ತು. ಅಕ್ಕ ಫೋನ್ ಕಸಿದುಕೊಂಡು "ಏನೋ ಅದು ಸದ್ದು?" ಅಂದಳು. "ಅದು ನಮ್ದೇ ಅಮ್ಮ, ಹೋಗ್ತಿರೋದು" ಅಂದ. ಹೋಗುತ್ತಿರುವುದು, ಬರುತ್ತಿರುವುದು ಅಂತ ಎರಡು ಸದ್ದಿವೆ, ಕಿವಿಯಲ್ಲೇ ತಿಳಿಯುತ್ತದೆ ಅಂತ ಭಾವ ಆಮೇಲೆ ಹೇಳಿದರು. ಹಿಂದಿನ ದಿನವಷ್ಟೇ ಗಡಿ ಊರಾದ ಪೂಂಛ್‌ನಲ್ಲಿ "ಬರುತ್ತಿರುವುದು" ಮನೆಗಳ ಮೇಲೆ ಬಿದ್ದು ಹತ್ತಕ್ಕೂ ಹೆಚ್ಚು ಜನ ಸತ್ತಿದ್ದರು, ಮಕ್ಕಳೂ ಸೇರಿ.

ಭಾವ ಸೇನೆಯ ಇಂಜಿನಿಯರ್ ದಳದಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾದವರು. ಮಾತು ಕಡಿಮೆ. ಶನಿವಾರ ನಾನಾಡಿದ ಮಾತಿಗೂ ಏನೂ ಅನ್ನಲಿಲ್ಲ. ರಾತ್ರಿ ಎಂಟರ ಸುಮಾರಿಗೆ ಮತ್ತೆ ಶ್ರೀನಗರದಲ್ಲಿ ಸದ್ದು, ಜಮ್ಮುವಿನಲ್ಲಿ ಡ್ರೋನ್ ಅಂತ ಸುದ್ದಿ ಬರತೊಡಗಿದ ಮೇಲೆ ನಾವಿಬ್ಬರೂ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಒಳಗೆ ಅಕ್ಕ ಸಂಜೆಯಿಂದ ಎಣಿಸಿಟ್ಟುಕೊಂಡಿದ್ದ ಗಂಟೆಗಳು ಕೈಜಾರಿ ಹೋಗಿದ್ದವು. ಟಿವಿ ಆರಿಸಿ ದೇವರ ಮುಂದೆ ಕೂತಿದ್ದಳು.

"ನಿನಗೆ ನೆನಪಿದೆಯೇನಪ್ಪ, ನಾನು 2002ರಲ್ಲಿ ರಜಕ್ಕೆ ಬಂದಿದ್ದು?" ಅಂದರು ಭಾವ.

ನೆನಪಿತ್ತು. 2001ರ ಡಿಸೆಂಬರ್ 13ಕ್ಕೆ ಸಂಸತ್ತಿನ ಮೇಲೆ ದಾಳಿಯಾದ ಮೇಲೆ ಇಡೀ ಸೇನೆ ಗಡಿಗೆ ಹೋಗಿ ನಿಂತಿತ್ತು. ಆಪರೇಷನ್ ಪರಾಕ್ರಮ. ಎರಡೂ ಕಡೆ ಲಕ್ಷಗಟ್ಟಲೆ ಸೈನಿಕರು ಹತ್ತು ತಿಂಗಳು ಎದುರುಬದುರು ನಿಂತಿದ್ದರು. ಭಾವ ರಾಜಸ್ಥಾನದಲ್ಲಿ ನೆಲಬಾಂಬ್ ಹೂಳುವ ಕೆಲಸದಲ್ಲಿದ್ದರು, ಆಮೇಲೆ ಅವನ್ನೇ ಅಗೆದು ತೆಗೆಯುವ ಕೆಲಸದಲ್ಲಿ. ಮೇ 14ರಂದು ಜಮ್ಮು ಹತ್ತಿರದ ಕಾಲೂಚಕ್‌ನಲ್ಲಿ ಸೈನಿಕರ ಹೆಂಡತಿ ಮಕ್ಕಳೂ ಸೇರಿ 30ಕ್ಕೂ ಹೆಚ್ಚು ಜನರನ್ನು ಉಗ್ರರು ಕೊಂದಾಗ ಇನ್ನೇನು ಯುದ್ಧ ಆಗೇ ಬಿಟ್ಟಿತು ಅಂತ ಎಲ್ಲರೂ ಅಂದುಕೊಂಡಿದ್ದರು. ಆಗಲಿಲ್ಲ. ಅಕ್ಟೋಬರ್‌ನಲ್ಲಿ ಸೇನೆಯನ್ನು ವಾಪಸ್ ಕರೆಸಿದರು. ಯುದ್ಧವಾಗದೆಯೇ ನೂರಾರು ಸೈನಿಕರು ಸತ್ತಿದ್ದರು, ಎಷ್ಟೋ ಜನ ತಾವೇ ಹೂಳಿದ ಬಾಂಬುಗಳಿಗೆ.

ಭಾವ ಊರಿಗೆ ಬಂದಾಗ ನಮ್ಮ ದೊಡ್ಡಪ್ಪ ಒಬ್ಬರು ತುಂಬಿದ ಮನೆಯಲ್ಲಿ ಕೇಳಿದ್ದರು. "ಹತ್ತು ತಿಂಗಳು ನಿಂತು ಒಂದು ಗುಂಡೂ ಹಾರಿಸದೆ ಬಂದ್ರಾ? ಇಷ್ಟಕ್ಕೇ ಹೋಗಿದ್ರಾ?"

ಅದೇ ಪದ. ಆಗ ಅಕ್ಕನೂ ಅಲ್ಲೇ ಇದ್ದಳು, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು. ಆ ಮಗುವೇ ಈಗ ಗಡಿಯಲ್ಲಿರುವವನು. ಇಪ್ಪತ್ಮೂರು ವರ್ಷದ ಮೇಲೆ ಗಂಡನಿಗೆ ಬಂದಿದ್ದ ಮಾತನ್ನೇ ಮಗನ ವಿಷಯಕ್ಕೆ ಅವಳ ಕಿವಿಗೆ ಹಾಕಿದವನು ಒಡಹುಟ್ಟಿದ ತಮ್ಮ.

"ಹಾರಿಸೋದು ಏನು ಕಷ್ಟ?" ಅಂದರು ಭಾವ. "ಬೆರಳು ಸಾಕು. ಹಾರಿಸದೆ ಹತ್ತು ತಿಂಗಳು ನಿಂತ್ಕೊಳ್ಳೋಕೆ ಇಡೀ ಮೈ ಬೇಕು."

ಆಮೇಲೆ ಅವರು ಹೇಳಿದ್ದು ಟೆಲಿಫೋನಿನ ವಿಷಯ. ಎರಡೂ ಸೇನೆಗಳ ಕಾರ್ಯಾಚರಣೆಯ ಮುಖ್ಯಸ್ಥರ ನಡುವಿನ ಹಾಟ್‌ಲೈನ್ 1971ರ ಯುದ್ಧದ ಕಾಲದಿಂದ ಇದೆ. ವಾರಕ್ಕೊಂದು ಸಲ, ಮಂಗಳವಾರ, ಕಚೇರಿಯವರು ಮಾತಾಡಿಕೊಳ್ಳುವ ಪದ್ಧತಿ. ಎಷ್ಟು ಜಗಳವಿದ್ದರೂ ಆ ತಂತಿ ಕಿತ್ತಿಲ್ಲ. ರಾಯಭಾರಿಗಳನ್ನು ವಾಪಸ್ ಕಳಿಸಿದ್ದೇವೆ, ರೈಲು ನಿಲ್ಲಿಸಿದ್ದೇವೆ, ಪಂಜಾಬಿನ ಅಟ್ಟಾರಿ ಗಡಿಯ ಗೇಟು ಮುಚ್ಚಿದ್ದೇವೆ, ಸಿಂಧೂ ನದಿ ನೀರಿನ ಒಪ್ಪಂದವನ್ನೇ ಅಮಾನತಿನಲ್ಲಿಟ್ಟಿದ್ದೇವೆ. ಆ ಫೋನ್ ಮಾತ್ರ ಅಲ್ಲೇ ಇದೆ. "ಮಾಡೋನೂ ಬೇಕು, ಎತ್ತೋನೂ ಬೇಕು. ಇಬ್ಬರಲ್ಲಿ ಒಬ್ಬ ಬಿಗುಮಾನ ಹಿಡಿದು ಕೂತಿದ್ರೆ ಇವತ್ತು 3.35 ಅನ್ನೋ ಟೈಮೇ ಬರ್ತಿರಲಿಲ್ಲ" ಅಂದರು.

ಅವತ್ತಿನಿಂದ ನಾನು ಇದನ್ನೇ ಓದುತ್ತಿದ್ದೇನೆ, ನೆನಪು ಮಾಡಿಕೊಳ್ಳುತ್ತಿದ್ದೇನೆ. 1988ರ ಡಿಸೆಂಬರ್ 31ರಂದು ಆದ ಒಂದು ಒಪ್ಪಂದವಿದೆ: ಒಬ್ಬರ ಅಣು ಸ್ಥಾವರಗಳ ಮೇಲೆ ಇನ್ನೊಬ್ಬರು ದಾಳಿ ಮಾಡುವಂತಿಲ್ಲ. 1992ರಿಂದ ಪ್ರತಿ ಜನವರಿ 1ಕ್ಕೆ ಎರಡೂ ದೇಶ ತಮ್ಮ ತಮ್ಮ ಸ್ಥಾವರಗಳ ಪಟ್ಟಿ ಕೊಟ್ಟು ತೆಗೆದುಕೊಳ್ಳುತ್ತವೆ. ಕಾರ್ಗಿಲ್ ಆದ ಮೇಲಿನ ಜನವರಿಯಲ್ಲೂ ಕೊಟ್ಟಿದ್ದಾರೆ, ಮುಂಬೈ ದಾಳಿಯ ಮರುವರ್ಷದ ಜನವರಿಯಲ್ಲೂ ಕೊಟ್ಟಿದ್ದಾರೆ. 2025ರದ್ದು 34ನೆಯದು. ಇದನ್ನು ಯಾವ ಟಿವಿಯೂ ಕೂಗಿ ಹೇಳುವುದಿಲ್ಲ.

ಕಾರ್ಗಿಲ್‌ನಲ್ಲಿ ನಮ್ಮ 527 ಸೈನಿಕರು ಸತ್ತರು. ನಿಯಂತ್ರಣ ರೇಖೆ ದಾಟಕೂಡದು ಅಂತ ವಾಜಪೇಯಿ ಹೇಳಿದ್ದರಿಂದ ಬೆಟ್ಟವನ್ನು ಎದುರಿನಿಂದಲೇ, ಮೇಲಿಂದ ಗುಂಡು ಬೀಳುತ್ತಿದ್ದಾಗಲೇ ಹತ್ತಬೇಕಾಯಿತು. ಸಂಯಮಕ್ಕೂ ಜೀವದ ಬೆಲೆ ಕಟ್ಟಬೇಕಾಗುತ್ತದೆ, ಅದು ಪುಕ್ಕಟೆ ಬರುವುದಲ್ಲ. ಇದನ್ನು ಹೇಡಿತನ ಅನ್ನುವವರು ಆ ಹುಡುಗರು ಹತ್ತಿದ ಇಳಿಜಾರನ್ನು ಒಂದು ಸಲ ಚಿತ್ರದಲ್ಲಾದರೂ ನೋಡಬೇಕು.

ಇನ್ನೊಂದು ನನ್ನನ್ನು ಕಾಡುತ್ತಿರುವುದು 2022ರ ಮಾರ್ಚ್ 9. ಅವತ್ತು ನಮ್ಮ ಕಡೆಯಿಂದ ಒಂದು ಕ್ಷಿಪಣಿ ಆಕಸ್ಮಿಕವಾಗಿ ಹಾರಿಹೋಗಿ ಪಾಕಿಸ್ತಾನದ ಮಿಯಾಂ ಚನ್ನು ಎಂಬಲ್ಲಿ ಬಿತ್ತು. ಅವರ ಆಕಾಶದಲ್ಲಿ 124 ಕಿಲೋಮೀಟರ್ ಹೋಗಿತ್ತು ಅಂತ ಅವರ ಸೇನೆ ಹೇಳಿತು. ಯಾರೂ ಸಾಯಲಿಲ್ಲ. ಅವರು ತಿರುಗಿ ಹೊಡೆಯಲಿಲ್ಲ. ನಾವು ತಪ್ಪು ಒಪ್ಪಿಕೊಂಡೆವು, ಆಗಸ್ಟ್‌ನಲ್ಲಿ ವಾಯುಪಡೆಯ ಮೂವರು ಅಧಿಕಾರಿಗಳನ್ನು ವಜಾ ಮಾಡಿದೆವು. ನಾವೆಲ್ಲ ಅದನ್ನು ಒಂದೇ ವಾರದಲ್ಲಿ ಮರೆತೆವು. ಅದೇ ಕ್ಷಿಪಣಿ 2025ರ ಮೇ 9ರ ರಾತ್ರಿ ತಪ್ಪಿ ಹಾರಿದ್ದರೆ? ಎಲ್ಲರ ಕೈಯೂ ಗುಂಡಿಯ ಮೇಲೇ ಇದ್ದ ರಾತ್ರಿ ಅದು. ತಪ್ಪಾಗಿ ಬಂದದ್ದು ಇದು ಅಂತ ಯಾರು ಯಾರನ್ನು ನಂಬುತ್ತಿದ್ದರು? 2019ರ ಫೆಬ್ರವರಿ 27ರಂದು, ನಮ್ಮ ಪೈಲಟ್ ಅಭಿನಂದನ್ ಪಾಕಿಸ್ತಾನಕ್ಕೆ ಸೆರೆಸಿಕ್ಕ ಬೆಳಿಗ್ಗೆಯೇ, ಕಾಶ್ಮೀರದ ಬಡಗಾಮ್‌ನಲ್ಲಿ ನಮ್ಮದೇ ಕ್ಷಿಪಣಿ ನಮ್ಮದೇ ಹೆಲಿಕಾಪ್ಟರನ್ನು ಹೊಡೆದು ವಾಯುಪಡೆಯ ಆರು ಜನ ಸತ್ತರಲ್ಲ. ಬಿಗುವಿನಲ್ಲಿ ಕಣ್ಣು ತನ್ನವರನ್ನೂ ಗುರುತಿಸುವುದಿಲ್ಲ.

ಭಾವನ ಚಿಂತೆ ಬೇರೆ. "2016ರಲ್ಲಿ ನಿಯಂತ್ರಣ ರೇಖೆಯ ಪಕ್ಕದಲ್ಲೇ ಹೊಡೆದ್ವಿ. 2019ರಲ್ಲಿ ಇನ್ನೂ ಒಳಗೆ, ಬಾಲಾಕೋಟ್. ಈ ಸಲ ಅವರ ಪಂಜಾಬಿನೊಳಗೆ ಬಹಾವಲ್‌ಪುರ, ಮುರೀದ್ಕೆ, ಕೊನೆಗೆ ರಾವಲ್ಪಿಂಡಿಯ ವಾಯುನೆಲೆ. ಮುಂದಿನ ಸಲ ಶುರುವಾಗೋದೇ ಈ ಮೆಟ್ಟಿಲಿಂದ. ಮೇಲೆ ಇನ್ನೆಷ್ಟು ಮೆಟ್ಟಿಲಿದೆ ಅಂದ್ಕೊಂಡಿದ್ದೀಯ?" ಶನಿವಾರ ಬೆಳಿಗ್ಗೆ ಪಾಕಿಸ್ತಾನದ ಅಣ್ವಸ್ತ್ರ ಸಮಿತಿ ಸಭೆ ಸೇರುತ್ತದೆ ಅಂತ ಸುದ್ದಿ ಬಂದು, ಅಂಥ ಸಭೆ ಇಲ್ಲ ಅಂತ ಅವರ ರಕ್ಷಣಾ ಸಚಿವರೇ ಹೇಳಿದ್ದನ್ನು ನಾನೂ ಓದಿದ್ದೆ. ಓದಿ, ತಿಂಡಿ ತಿಂದಿದ್ದೆ. ಸಂಜೆ "ಇಷ್ಟಕ್ಕೇ" ಅಂದಿದ್ದೆ.

ಇಷ್ಟಕ್ಕೇ ಅನ್ನುವುದಕ್ಕೆ ಒಂದು ಅಳತೆ ಬೇಕಲ್ಲ. ಎಷ್ಟಾಗಿದ್ದರೆ ಸಾಕು ಅನ್ನಿಸುತ್ತಿತ್ತು ನನಗೆ? ಇನ್ನೊಂದು ದಿನ? ಇನ್ನೊಂದು ವಾಯುನೆಲೆ? ಆ ಇನ್ನೊಂದು ದಿನವನ್ನು ತಂದುಕೊಡುವವರು ಯಾರ ಮನೆಯವರು ಅಂತ, ಅದೇ ಮನೆಯಲ್ಲಿ ಕೂತಿದ್ದೂ ನನಗೆ ಹೊಳೆಯಲಿಲ್ಲ.

ಭಾನುವಾರ ಇನ್ನೂ ಕೆಟ್ಟದ್ದು ನೋಡಿದೆ. ಹೇಳಿಕೆ ಓದಿದ ಮಿಸ್ರಿಯವರನ್ನು ಸೋಶಿಯಲ್ ಮೀಡಿಯಾದಲ್ಲಿ ದೇಶದ್ರೋಹಿ ಅಂತ ಬೈಯುತ್ತಿದ್ದರು. ಅವರ ಮಗಳನ್ನೂ ಬಿಡಲಿಲ್ಲ. ಅವರು ತಮ್ಮ ಎಕ್ಸ್ ಖಾತೆಗೆ ಬೀಗ ಹಾಕಿಕೊಳ್ಳಬೇಕಾಯಿತು. ನಿಲ್ಲಿಸಿದ ಸುದ್ದಿ ತಂದವನಿಗೆ ಇಷ್ಟಾದರೆ, ನಿಲ್ಲಿಸಬೇಕು ಅಂತ ನಿರ್ಧಾರ ಮಾಡುವವನಿಗೆ ಎಷ್ಟು ಗುಂಡಿಗೆ ಬೇಕು? ಆ ಬೈಗುಳಗಳನ್ನು ಓದುತ್ತಾ ಹೋದಂತೆ ನನ್ನ ಕೈ ತಣ್ಣಗಾಯಿತು. ಅವುಗಳಲ್ಲಿ ಬಹುಪಾಲು, ಬೇರೆ ಬೇರೆ ಭಾಷೆಯಲ್ಲಿ, ನಾನಾಡಿದ ಮಾತೇ ಆಗಿದ್ದವು.

ಸೋಮವಾರ ಬೆಳಿಗ್ಗೆ ಸೇನೆಯವರು ಹೇಳಿದರು, ರಾತ್ರಿ ಬಹುಮಟ್ಟಿಗೆ ಶಾಂತವಾಗಿತ್ತು ಅಂತ. ಎಷ್ಟೋ ದಿನದ ಮೇಲೆ ಅಂಥ ಮೊದಲ ರಾತ್ರಿ. ನಾನು ಅಕ್ಕನ ಮನೆಗೆ ಹೋದೆ. ಕ್ಷಮಿಸು ಅನ್ನಬೇಕು ಅಂತಲೇ ಹೋಗಿದ್ದು. ಚಪ್ಪಲಿ ಬಿಡುತ್ತಿದ್ದ ಹಾಗೇ ಫೋನ್ ಬಂತು.

ಊಟ ಆಯ್ತಾ, ಮಲಗಿದ್ಯಾ, ಎಲ್ಲ ಆಯಿತು. ಮಲಗಿದ್ದೆ, ಆರು ಗಂಟೆ ಒಂದೇ ಸಮ, ಅಂದ. ಆಮೇಲೆ ಅಕ್ಕ ಕೇಳಿದಳು, "ಸದ್ದು?"

"ಇಲ್ಲ ಅಮ್ಮ."

"ಫೋನ್ ಹೊರಗಡೆ ಹಿಡಿ."

ಅವನು ಏನೋ ಗೊಣಗಿದ. ಆದರೂ ಹಿಡಿದ. ಅಕ್ಕ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಳು, ಕಣ್ಣು ಮುಚ್ಚಿ, ಒಂದು ನಿಮಿಷವಾದರೂ ಆಗಿರಬೇಕು. ಆಮೇಲೆ ನನ್ನ ಕಡೆ ತಿರುಗಿ ಫೋನ್ ಚಾಚಿದಳು. "ಇಗೋ, ನೀನೂ ಕೇಳು."

ಗಾಳಿಯ ಸದ್ದು. ದೂರದಲ್ಲಿ ಯಾರೋ ಯಾರನ್ನೋ ಹೆಸರು ಹಿಡಿದು ಕರೆದರು. ಒಂದು ಪಾತ್ರೆಯೋ ಬಕೆಟ್ಟೋ ನೆಲಕ್ಕಿಟ್ಟ ಸದ್ದು. ಮತ್ತೆ ಗಾಳಿ. ಅವನು "ಸಾಕಾ ಅಮ್ಮ?" ಅಂದ, ನನ್ನನ್ನು ಅಕ್ಕ ಅಂದುಕೊಂಡು. ನನಗೆ ಉತ್ತರ ಕೊಡಲಾಗಲಿಲ್ಲ. ಫೋನನ್ನು ಅವಳ ಕೈಗೇ ಕೊಟ್ಟೆ.