ಲದ್ದಿಯೊಳಗೆ ಏಳು ಹುಣಸೆ ಸಸಿ

ಆನೆ ಲದ್ದಿಯ ಮುಂದೆ ಕುಕ್ಕರಗಾಲಲ್ಲಿ ಅರ್ಧ ಗಂಟೆ ಕೂತಿದ್ದೆ. ಬನ್ನೇರುಘಟ್ಟ ದಾಟಿದ ಮೇಲೆ ರಾಗಿಹಳ್ಳಿ ಕಡೆಯ ಒಂದು ಬಂಡಿ ದಾರಿ. ಜೂನ್ ಮೊದಲ ವಾರ. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಲದ್ದಿ ಹಳೆಯದು, ವಾಸನೆ ಹೋಗಿ ಒಣ ಹುಲ್ಲಿನ ಉಂಡೆಯ ಹಾಗಾಗಿತ್ತು. ಒಂದು ಮಗ್ಗುಲಿಗೆ ಗೆದ್ದಲು ಹತ್ತಿತ್ತು. ಇನ್ನೊಂದು ಮಗ್ಗುಲಿನಿಂದ ಏಳು ಹುಣಸೆ ಸಸಿಗಳು ಎದ್ದಿದ್ದವು. ದಪ್ಪನೆಯ ಎರಡು ಬೀಜದೆಲೆ, ನಡುವೆ ಎಳೆ ಹಸಿರಿನ ಗರಿ. ಒಂದರ ತಲೆ ಮೇಲೆ ಬೀಜದ ಕಂದು ಸಿಪ್ಪೆ ಇನ್ನೂ ಅಂಟಿಕೊಂಡಿತ್ತು.

ನಾನು ಹೊರಟಿದ್ದು ಇದನ್ನು ನೋಡೋಕಲ್ಲ. ನಾಲ್ಕು ದಿನ ರಜೆ ಸಿಕ್ಕಿತ್ತು, ಬೆಂಗಳೂರಿನ ಸುತ್ತಮುತ್ತ ಉಳಿದಿರುವ ಕಾಡುಗಳನ್ನು ಸುಮ್ನೆ ನೋಡಿಬರೋಣ ಅಂದುಕೊಂಡಿದ್ದೆ. ಆದರೆ ಮೊದಲ ದಿನ ತುರಹಳ್ಳಿಯಲ್ಲಿ ಕಂಡದ್ದು ತಲೆಯಲ್ಲೇ ಉಳಿದುಬಿಟ್ಟಿತ್ತು.

ತುರಹಳ್ಳಿ ಕಾಡು ನಮ್ಮ ಬನಶಂಕರಿಗೆ ಹತ್ತಿರ. ಸುತ್ತಲೂ ಬಡಾವಣೆ, ಅಪಾರ್ಟ್‌ಮೆಂಟು. ಒಳಗೆ ಬಂಡೆ, ನೀಲಗಿರಿ ಮರ, ಎಲ್ಲಿ ನೋಡಿದರೂ ಲಂಟಾನ. ಬೆಳಗ್ಗೆ ಆರೂವರೆಗೆ ಒಂದು ಬಂಡೆ ಮೇಲೆ ಕೂತೆ. ಎರಡು ಪಿಕಳಾರ ಹಕ್ಕಿಗಳು ಲಂಟಾನದ ಕಪ್ಪು ಹಣ್ಣನ್ನು ಒಂದೊಂದೇ ಕಿತ್ತು ನುಂಗುತ್ತಿದ್ದವು. ಆಮೇಲೆ ಹಾರಿ ಹೋಗಿ ಒಣಗಿದ ಕೊಂಬೆ ಮೇಲೆ ಕೂತವು. ಆ ಕೊಂಬೆಯ ಕೆಳಗೆ ಹೋಗಿ ನೋಡಿದೆ. ಬಂಡೆ ಮೇಲೆಲ್ಲ ನೇರಳೆ ಬಣ್ಣದ ಹಿಕ್ಕೆ. ಹಿಕ್ಕೆ ತುಂಬ ಲಂಟಾನ ಬೀಜ. ಬಂಡೆಯ ಬಿರುಕಿನಲ್ಲಿ ಸಾಲಾಗಿ ಲಂಟಾನ ಸಸಿ.

ಹಕ್ಕಿಯ ಮೇಲೆ ನನಗೆ ಕೋಪವಿಲ್ಲ. ಶ್ರೀಗಂಧದ ಬೀಜವನ್ನು ಊರೂರಿಗೆ ಹಂಚುವುದೂ ಇದೇ ಪಿಕಳಾರ, ಇದೇ ಕೋಗಿಲೆ. ಕಾಡಿನಲ್ಲಿ ಏನು ಹಣ್ಣಿರುತ್ತದೋ ಅದನ್ನೇ ಅವು ತಿನ್ನುತ್ತವೆ. ಲಂಟಾನ ನಮ್ಮ ದೇಶದ ಗಿಡವೇ ಅಲ್ಲ. ಅಮೆರಿಕದ ಉಷ್ಣ ಸೀಮೆಯದು. 19ನೇ ಶತಮಾನದ ಆರಂಭದಲ್ಲಿ ಅಂದದ ಹೂವಿಗೆಂದು ತಂದರು. ಮರ ಕಡಿದು ಬಿಸಿಲು ಬಿದ್ದ ಜಾಗವೆಲ್ಲ ಅದರ ಪಾಲಾಯಿತು. ವರ್ಷದಲ್ಲಿ ಬಹುಪಾಲು ಹಣ್ಣು ಕೊಡುವ ಗಿಡ, ಅದನ್ನು ಹೊತ್ತೊಯ್ಯುವ ಹಕ್ಕಿ ಬೇಕಾದಷ್ಟು. ಹಾಗಾಗಿ ಹಾಳಾದ ಕಾಡಿನಲ್ಲೂ ಬೀಜ ಬಿತ್ತುವ ಕೆಲಸ ನಿಂತಿಲ್ಲ. ಆದರೆ ಪಿಕಳಾರದ ಗಂಟಲಲ್ಲಿ ಇಳಿಯುವ ಬೀಜಕ್ಕೆ ಮಾತ್ರ ಅಲ್ಲಿ ಸವಾರಿ ಸಿಗುತ್ತದೆ. ಅದೂ ದೂರವೇನಲ್ಲ. ನುಂಗಿದ ಹಣ್ಣು ಅರ್ಧ ಗಂಟೆಯೊಳಗೆ ಹೊರಗೆ ಬಂದಿರುತ್ತದೆ.

ದೊಡ್ಡ ಬೀಜದ ಮರ ಏನು ಮಾಡಬೇಕು? ಹಿಂದೊಮ್ಮೆ ದಾಂಡೇಲಿಯಲ್ಲಿ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಳನ್ನು ನೋಡಿದ್ದೆ. ರಾಂಪತ್ರೆ ಅನ್ನುವ ಕಾಡು ಜಾಯಿಕಾಯಿಯ ಬೀಜವನ್ನು ಇಡಿಯಾಗಿ ನುಂಗಿ, ಅದಕ್ಕೆ ಸುತ್ತಿಕೊಂಡಿರುವ ಪತ್ರೆಯನ್ನು ಮಾತ್ರ ಅರಗಿಸಿಕೊಂಡು, ಬೀಜವನ್ನು ಬೇರೆಲ್ಲೋ ಉಗುಳುತ್ತವೆ. ಅಂಥ ಕೊಕ್ಕು ತುರಹಳ್ಳಿಯಲ್ಲಿ ಯಾವುದಕ್ಕಿದೆ? ದೊಡ್ಡ ಬೀಜ ತಾಯಿಮರದ ಬುಡದಲ್ಲೇ ಬಿದ್ದು, ಅಲ್ಲೇ ನೆರಳಲ್ಲಿ ಸೊರಗುತ್ತದೆ.

ಭಾನುವಾರ ಸಾವನದುರ್ಗಕ್ಕೆ ಹೋದೆ. ಬಂಡೆ ಚೆನ್ನಾಗಿದೆ, ಜನ ಜಾಸ್ತಿ. ಸೋಮವಾರ ಮನೆಯಲ್ಲೇ ಇದ್ದೆ.

ಮಂಗಳವಾರದ ಕಥೆ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಟ್ರಾವೆಲ್ಸ್‌ನವರೊಬ್ಬರು ಬನ್ನೇರುಘಟ್ಟ ಕಾಡಿನಲ್ಲಿ ನಡಿಗೆ, ಆಮೇಲೆ ಸಫಾರಿ ಅಂತ ಹೇಳಿ ಪೂರ್ತಿ ದುಡ್ಡು ಮುಂಚೆಯೇ ತೆಗೆದುಕೊಂಡಿದ್ದರು. ಹೋಗಿ ನೋಡಿದರೆ ಗೇಟು ಮುಚ್ಚಿದೆ. ಮೃಗಾಲಯಕ್ಕೆ ಮಂಗಳವಾರ ರಜೆ. ನಡಿಗೆಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅದನ್ನೂ ಅವರು ಕೇಳಿರಲಿಲ್ಲ. ಆಮೇಲೆ ಫೋನೂ ಎತ್ತಲಿಲ್ಲ. ದಯವಿಟ್ಟು ಯಾರಿಗೂ ಮುಂಗಡ ಕೊಡಬೇಡಿ. ಮೆಜೆಸ್ಟಿಕ್‌ನಿಂದ 365ನೇ ನಂಬರಿನ ಬಸ್ಸಿದೆ, ನೀವೇ ಹೋಗಿ. ರಾಷ್ಟ್ರೀಯ ಉದ್ಯಾನದ ಒಳಗೆ ನಡೆದು ಹೋಗಬಹುದು ಅಂತ ಯಾರಾದರೂ ಹೇಳಿದರೆ ಮೊದಲು ಅನುಮತಿ ಚೀಟಿ ತೋರಿಸಿ ಅನ್ನಿ.

ವಾಪಸ್ ಹೋಗಲು ಮನಸ್ಸಾಗದೆ ಆಟೋ ಹಿಡಿದು ರಾಗಿಹಳ್ಳಿ ಕಡೆ ಹೋದೆ. 1974ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಕಾಡು ದಕ್ಷಿಣಕ್ಕೆ ಹೊಸೂರು ಸೀಮೆಯ ಕಾಡುಗಳವರೆಗೂ, ಕಾವೇರಿ ವನ್ಯಧಾಮದವರೆಗೂ ಹಬ್ಬಿದೆ. ಆನೆಗಳು ಓಡಾಡುವುದು ಇದರಲ್ಲೇ. ಇದೂ ಮುಟ್ಟದ ಕಾಡೇನಲ್ಲ, ಅಂಚಿನಲ್ಲಿ ಬಡಾವಣೆಗಳು ಒತ್ತಿಕೊಂಡು ಬರುತ್ತಿವೆ. ಆದರೂ ಆನೆ ಇದೆ ಅನ್ನುವುದೇ ಎಷ್ಟು ದೊಡ್ಡ ವ್ಯತ್ಯಾಸ ಅಂತ ಆ ಲದ್ದಿ ನೋಡಿದ ಮೇಲೆ ತಿಳಿಯಿತು.

"ಏನವ್ವಾ, ಏನಾರ ಕಳ್ಕೊಂಡಿದೀಯಾ?"

ತಿರುಗಿ ನೋಡಿದೆ. ಹೆಗಲ ಮೇಲೆ ಕೋಲು, ಹಿಂದೆ ಹತ್ತು ಹನ್ನೆರಡು ಮೇಕೆ.

"ಇಲ್ಲ ತಾತ, ಈ ಸಸಿ ನೋಡ್ತಿದ್ದೆ."

"ಹುಣಸೆ ಕಣವ್ವ. ಹಣ್ಣಿನ ಕಾಲ ಮುಗಿದು ಮಳೆ ಬಿದ್ರೆ ಎಲ್ಲಾ ಲದ್ದೀಲೂ ಏಳ್ತವೆ. ಬೇಲದ ಬೀಜಾನೂ ಬತ್ತದೆ. ಬೇಲದ ಕಾಯಿ ಒಡೆಯೋಕೆ ನಮಗೇ ಕಲ್ಲು ಬೇಕು, ಅದು ಹಂಗೇ ಬಾಯಿಗೆ ಹಾಕ್ಕತದೆ."

ಆನೆಗೆ ತಿಂದದ್ದರಲ್ಲಿ ಅರ್ಧವೂ ಅರಗುವುದಿಲ್ಲ. ಬೀಜ ಅದರ ಹೊಟ್ಟೆಯಲ್ಲಿ ಒಂದು ದಿನಕ್ಕಿಂತ ಜಾಸ್ತಿ ಇರುತ್ತದೆ, ಅಷ್ಟರಲ್ಲಿ ಆನೆ ಎಷ್ಟೋ ಕಿಲೋಮೀಟರ್ ನಡೆದಿರುತ್ತದೆ. ನಾನು ಇದನ್ನೆಲ್ಲ ಹೇಳಿದೆ. ತಾತ ಕೇಳಿಸಿಕೊಂಡು, "ನನ್ನ ಮೇಕೆ ಏನು ಮಾಡ್ತವೆ ಗೊತ್ತಾ?" ಅಂದರು.

ಅಲ್ಲಿಗೆ ನನ್ನ ಪ್ರವಾಸ ನಿಂತೇಹೋಯಿತು. ಮತ್ತೊಂದು ಗಂಟೆ ಅದೇ ಮಾತು. ಮೇಕೆ ಹಗಲೆಲ್ಲ ಎಲಚಿ ಹಣ್ಣು ತಿನ್ನುತ್ತದೆ. ರಾತ್ರಿ ರೊಪ್ಪದಲ್ಲಿ ಮೆಲುಕು ಹಾಕುವಾಗ ಓಟೆಯನ್ನು ಉಗುಳುತ್ತದೆ. ಬೆಳಗ್ಗೆ ಕಸ ಗುಡಿಸಿದರೆ ಹಿಡಿ ಹಿಡಿ ಎಲಚಿ ಓಟೆ. ಅದು ಗೊಬ್ಬರದ ಜೊತೆ ಹೊಲಕ್ಕೆ ಹೋಗುತ್ತದೆ, ಹುಟ್ಟಿದ್ದನ್ನು ಕಳೆ ಅಂತ ಕೀಳುತ್ತಾರೆ.

"ಜಿಂಕೆನೂ ಹಂಗೇ ಅಲ್ವಾ ತಾತ? ನೆಲ್ಲಿಕಾಯಿ, ತಾರೆಕಾಯಿ ತಿಂದು ಬೀಜ ಉಗುಳುತ್ತೆ."

"ಹೂಂ, ಅದು ಮಲಗೋದು ಕಾಡಲ್ಲೇ. ಉಗುಳಿದ್ದೂ ಕಾಡಲ್ಲೇ ಉಳೀತದೆ. ನನ್ ಮೇಕೆ ಮನೆಗೆ ಬತ್ತವೆ."

ನಾನು ಸುಮ್ಮನಾದೆ. ಎರಡೂ ಮೆಲುಕು ಹಾಕುವ ಪ್ರಾಣಿಗಳೇ. ಒಂದು ಕಾಡಿನ ಬೀಜವನ್ನು ಕಾಡಿಗೇ ಕೊಡುತ್ತದೆ, ಇನ್ನೊಂದು ಪ್ರತಿ ಸಂಜೆ ಹೊರಗೆ ಹೊತ್ತು ತರುತ್ತದೆ. ಬಳ್ಳಾರಿ ಜಾಲಿಯದ್ದು ಮಾತ್ರ ಉಲ್ಟಾ. ಊರಿನಲ್ಲಿ ಅದರ ಕಾಯಿ ತಿಂದ ದನ, ಮೇಕೆ ಹೋದಲ್ಲೆಲ್ಲ ಸಗಣಿ, ಹಿಕ್ಕೆಯ ಜೊತೆ ಅದನ್ನು ಬಿತ್ತುತ್ತವೆ.

ತಾತನ ಮನೆ ಹಿಂದೆ ಒಂದು ಹಲಸಿನ ಮರವಂತೆ. ಹಣ್ಣಿನ ವಾಸನೆಗೆ ಆನೆ ಬರುತ್ತದೆ ಅಂತ ಕಾಯಿ ಎಳೆಯದಾಗಿರುವಾಗಲೇ ಕೊಯ್ದುಬಿಡುತ್ತಾರೆ. ಎರಡು ವರ್ಷದ ಹಿಂದೆ ಆನೆ ರಾಗಿ ಹೊಲವನ್ನು ಒಂದೇ ರಾತ್ರಿಯಲ್ಲಿ ತುಳಿದು ಹೋಗಿತ್ತು. ಆ ಮಾತು ಹೇಳುವಾಗ ಅವರ ದನಿ ಇಳಿಯಿತು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.

ನಾಲ್ಕು ಗಂಟೆಗೆ ಆಟೋದವರು ಹಾರ್ನ್ ಹೊಡೆದರು. ಕತ್ತಲಾದ ಮೇಲೆ ಈ ದಾರಿಯಲ್ಲಿ ಇರಬಾರದು, ಅದೂ ನೆನಪಿರಲಿ. ನಾನು ಎದ್ದು ಮಣ್ಣು ಕೊಡವಿಕೊಳ್ಳುವಾಗ ದೂರದಲ್ಲಿ ಟ್ರ್ಯಾಕ್ಟರ್ ಸದ್ದು ಕೇಳಿಸಿತು. ತಾತ ಕೋಲು ಕೆಳಗಿಟ್ಟರು. ಬಗ್ಗಿ, ಆ ಲದ್ದಿ ಉಂಡೆಯನ್ನು ಎರಡೂ ಕೈಯಲ್ಲಿ ಬುಡ ಸಮೇತ ಎತ್ತಿ, ಗಾಲಿ ಜಾಡಿನಿಂದ ನಾಲ್ಕು ಹೆಜ್ಜೆ ಆಚೆ, ಕಾಡಿನ ಮಗ್ಗುಲಿಗೆ ಇಟ್ಟರು.

"ಮೇಕೆ ತಿನ್ನದಿದ್ರೆ ಸಾಕು," ಅಂದು ಮಂದೆಯನ್ನು ಆ ಕಡೆಯಿಂದ ಅಟ್ಟಿಕೊಂಡು ಹೋದರು.